ಉಗುರುಬೆಚ್ಚಗಿನ ನೀರು, ಮುನಿಯಪ್ಪನ ಎಡಗಿವಿ

ಬಚ್ಚಲಮನೆಯ ಹಂಡೆಯ ಒಲೆಗೆ ನಾಲ್ಕು ತೆಂಗಿನ ಚಿಪ್ಪು ಹಾಕಿ, ಹಳೆಯ ಕಾಗದ ಹೊತ್ತಿಸಿ, ಊದುಗೊಳವೆಯಲ್ಲಿ ಎರಡು ಸಲ ಊದಿದರೆ ನನ್ನ ದಿನ ಆರಂಭವಾಗುತ್ತಿತ್ತು. ಆ ದಿನವೂ ಹಾಗೇ ಆಯಿತು. ಯಜಮಾನರ ಸ್ನಾನ, ಅವರ ಟಿಫಿನ್ ಕ್ಯಾರಿಯರ್, ಎಂಟು ಗಂಟೆಯ ಬಸ್ಸು. ಅವರು ಗೇಟು ಎಳೆದುಕೊಂಡು ಹೋದ ಮೇಲೆ ಏಳು ತಿಂಗಳ ಮಗಳ ಸ್ನಾನ. ಹಿತ್ತಾಳೆಯ ಕೊಳಗಕ್ಕೆ ಎರಡು ಚೊಂಬು ಬಿಸಿನೀರು, ಒಂದು ಚೊಂಬು ತಣ್ಣೀರು, ಆಮೇಲೆ ಮೊಣಕೈ ಅದ್ದಿ ನೋಡುವುದು. ಅಂಗೈ ಕೆಲಸ ಮಾಡಿ ಮಾಡಿ ಒರಟಾಗಿರುತ್ತೆ, ಅದರ ಮಾತು ನಂಬಬೇಡ, ಮೊಣಕೈಯನ್ನು ಕೇಳು ಎಂದು ನಮ್ಮಮ್ಮ ಹೇಳಿಕೊಟ್ಟಿದ್ದರು. ಮೊಣಕೈಗೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಿದರೆ ಅದು ಹದ. ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದಾಗ ಮಗು ಅಳಲಿಲ್ಲ. ಎಂದೂ ಅಳುತ್ತಿರಲಿಲ್ಲ. ಒಂಬತ್ತಕ್ಕೆ ಅದನ್ನು ಪಕ್ಕದ ಮನೆಯ ಸಾವಿತ್ರಮ್ಮನವರ ತೊಡೆಗೆ ಒಪ್ಪಿಸಿ, ಹಂಡೆಯಲ್ಲಿ ಉಳಿದ ಬಿಸಿನೀರನ್ನು ಮುಂದಿನ ಕೋಣೆಗೆ ಸಾಗಿಸಿದೆ. ಅದು ಡಾಕ್ಟರ ಪಾಲಿನ ನೀರು.

ಈಗ ಕಿವಿ ಪರೀಕ್ಷಿಸುವ ಕೆಲಸಕ್ಕೆಂದೇ ಓದಿ ಬರುವ ಹುಡುಗಿಯರಿದ್ದಾರೆ. ನಾನು ಏನೂ ಓದಿ ಬಂದವಳಲ್ಲ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಜಯನಗರದ ನಮ್ಮ ಬ್ಲಾಕಿನಲ್ಲಿ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದಾಗ, ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಕಿವಿಯ ಡಾಕ್ಟರೊಬ್ಬರು ನಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದರು. ರೋಗಿಗಳ ವಿವರ ಬರೆದುಕೊಳ್ಳಲು ಇಂಗ್ಲಿಷ್ ಬಲ್ಲ ಒಬ್ಬರು ಬೇಕಿತ್ತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಬೆರಳಗಂಟಿನ ಮೇಲೆ ಸ್ಕೇಲಿನಿಂದ ತಟ್ಟಿ ತಟ್ಟಿ ಕಲಿಸಿದ ನನ್ನ ಇಂಗ್ಲಿಷ್ ಕೂಡಕ್ಷರ ಡಾಕ್ಟರ ಕಣ್ಣಿಗೆ ಬಿತ್ತು. ಬೆಳಿಗ್ಗೆ ಮೂರು ಗಂಟೆ ಹೊತ್ತು ಬರೆದುಕೊಡಿ ಎಂದರು. ಬರೆಯಲು ಹೋದವಳು ಇಪ್ಪತ್ತಾರು ವರ್ಷ ಅಲ್ಲೇ ಉಳಿದೆ. ಹಾಗಾಗಿ ಆ ಹುಡುಗಿಯರಿಗೆ ನಾನು ಹೇಳಿಕೊಡಬಹುದಾದದ್ದು ಪುಸ್ತಕದಲ್ಲಿ ಇಲ್ಲದ್ದು ಮಾತ್ರ.

ಮೊದಲ ವಾರ ಡಾಕ್ಟರು ಒಂದು ಟ್ರಂಕಿನಿಂದ ಗಚ್ಚಿನ ಗೊಂಬೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಕಿವಿ, ಮುಷ್ಟಿಯಷ್ಟು ದೊಡ್ಡದಾಗಿ. ನಿಜವಾದದ್ದು ಕಡಲೆಬೀಜಕ್ಕಿಂತ ಸ್ವಲ್ಪ ದೊಡ್ಡದು ಅಂದರು. ಒಂದು ಕಡೆ ಬಸವನಹುಳುವಿನ ಚಿಪ್ಪು, ಅದು ಕೇಳುವುದಕ್ಕೆ. ಇನ್ನೊಂದು ಕಡೆ ಮೂರು ಪುಟ್ಟ ಬಳೆಗಳು, ಮೂರು ದಿಕ್ಕಿಗೆ ನಿಂತವು, ತಲೆ ಯಾವ ಕಡೆ ತಿರುಗಿತು ಎಂದು ತಿಳಿಯುವುದಕ್ಕೆ. ಕಿವಿ ಇರುವುದು ಕೇಳುವುದಕ್ಕಷ್ಟೇ ಎಂದುಕೊಂಡು ಅಲ್ಲಿಯವರೆಗೆ ಬದುಕಿದ್ದ ನನಗೆ ಆ ಬಳೆಗಳನ್ನು ಎಷ್ಟು ನೋಡಿದರೂ ಸಾಲದು. ಧೂಳು ಒರೆಸುವ ನೆಪದಲ್ಲಿ ದಿನಾ ಕೈಗೆತ್ತಿಕೊಳ್ಳುತ್ತಿದ್ದೆ.

ಅದರೊಳಗೆ ಎರಡು ನೀರು ಇವೆ ಎಂಬುದು ಇನ್ನೂ ವಿಚಿತ್ರ. ಮೂಳೆಯ ಕೊಳವೆಯೊಳಗೆ ಒಂದು ನೀರು. ಆ ನೀರಿನಲ್ಲಿ ತೇಲುವ ತೆಳು ಚೀಲ. ಚೀಲದೊಳಗೆ ಮತ್ತೊಂದು ನೀರು. ಎರಡೂ ಸೇರಿಸಿದರೂ ಕೆಲವೇ ಹನಿ, ಆದರೆ ಒಂದಕ್ಕೊಂದು ಬೆರೆಯಬಾರದು. ಹೊರಗಿನದರಲ್ಲಿ ನಮ್ಮ ಕಣ್ಣೀರಿನ ಜಾತಿಯ ಉಪ್ಪು, ಒಳಗಿನದರಲ್ಲಿ ಬೇರೆ ಉಪ್ಪು. ಬೇರೆ ಅಂದರೆ ಯಾವುದು ಎಂದು ಕೇಳಿದೆ. ಡಾಕ್ಟರು ಯೋಚಿಸಿ, ಎಳನೀರಿನಲ್ಲಿರುತ್ತಲ್ಲ, ಆ ಜಾತಿಯದು ಅಂದರು. ಅವತ್ತಿನಿಂದ ನಾನು ಎಳನೀರು ಕುಡಿಯುವಾಗ ಸ್ವಲ್ಪ ನಿಧಾನವಾಗಿ ಕುಡಿಯುತ್ತೇನೆ.

ಆ ಒಳಚೀಲದ ನೀರು ಹೆಚ್ಚಾಗಿ ಚೀಲ ಉಬ್ಬುವ ಕಾಯಿಲೆಯೊಂದಿದೆ. ಅದಿದ್ದ ನಿವೃತ್ತ ಹೆಡ್‌ಮಾಸ್ಟರೊಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ಕಿವಿ ಕಟ್ಟಿದಂತಾಗಿ, ಹಿಟ್ಟಿನ ಗಿರಣಿಯ ಸದ್ದು ಶುರುವಾದರೆ ಇನ್ನು ಐದು ನಿಮಿಷಕ್ಕೆ ತಲೆ ತಿರುಗುತ್ತದೆ ಎಂದು ಅವರಿಗೆ ಗೊತ್ತು. ಕನ್ನಡಕ ತೆಗೆದು ಜೇಬಿಗಿಟ್ಟು, ಪಂಚೆ ಸರಿಮಾಡಿಕೊಂಡು, ನೆಲದ ಮೇಲೆ ಗೋಡೆಗೊರಗಿ ಕುಳಿತು, ಈಗ ಬರುತ್ತೆ, ನೀವು ನಿಮ್ಮ ಕೆಲಸ ನೋಡಿಕೊಳ್ಳಿ ತಾಯಿ ಎನ್ನುತ್ತಿದ್ದರು. ಬರುವ ನೆಂಟರಿಗೆ ಜಾಗ ಮಾಡಿದಂತೆ. ಡಾಕ್ಟರು ಉಪ್ಪು ಬಿಡಿಸಿದ್ದರಿಂದ ಅವರ ಮನೆಯಲ್ಲಿ ಉಪ್ಪಿನಕಾಯಿ ಭರಣಿ ಅಟ್ಟ ಸೇರಿತ್ತು. ಗಂಡನ ಕಿವಿಗೂ ತನ್ನ ಮಾವಿನಮಿಡಿಗೂ ಏನು ಸಂಬಂಧ ಎಂದು ಅವರ ಹೆಂಡತಿ ಪ್ರತಿಸಲ ಬಂದಾಗಲೂ ನನ್ನನ್ನು ಕೇಳುತ್ತಿದ್ದರು. ನಾನು ಗಚ್ಚಿನ ಗೊಂಬೆ ತೋರಿಸಿ ವಿವರಿಸುತ್ತಿದ್ದೆ. ಆಕೆ ಎಲ್ಲ ಕೇಳಿ, ಅದೆಲ್ಲ ಸರಿ, ಮಿಡಿ ಏನು ಮಾಡಿತು ಎನ್ನುತ್ತಿದ್ದರು.

ತಪ್ಪುಗಳಿಗೂ ಕೊರತೆಯಿರಲಿಲ್ಲ. ಶ್ರವಣ ಪರೀಕ್ಷಿಸಲು ಆಗ ನಮ್ಮಲ್ಲಿ ಯಂತ್ರವಿರಲಿಲ್ಲ. ತಟ್ಟಿದರೆ ಝೇಂಕರಿಸುವ ಎರಡು ಕವಲಿನ ಕಬ್ಬಿಣದ ಕಡ್ಡಿಗಳು ಇದ್ದವು. ಒಂದು ಶುಕ್ರವಾರ ಪೂಜೆಯ ಪಾತ್ರೆಗಳ ಜೊತೆ ಅವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗಿಟ್ಟುಬಿಟ್ಟೆ. ಸಂಜೆಗೆ ತುಕ್ಕು. ಡಾಕ್ಟರು ಬೈಯಲಿಲ್ಲ. ಎಣ್ಣೆಬಟ್ಟೆಯಲ್ಲಿ ಒರೆಸುತ್ತಾ, ಇವಕ್ಕೆ ನೈವೇದ್ಯಾನೂ ಆಯ್ತಾ ಎಂದು ಕೇಳಿದರು ಅಷ್ಟೆ. ಮುಂದೆ ಯಂತ್ರ ಬಂದು ಕಡ್ಡಿಗಳು ಡ್ರಾಯರ್ ಸೇರಿದವು. ಯಂತ್ರ ಕಾಗದದ ಮೇಲೆ ಎಳೆದು ತೋರಿಸುವ ಗೀಟು ಖಚಿತ, ನಿಜ. ಆದರೆ ಕಡ್ಡಿ ಹಿಡಿಯುವಾಗ ರೋಗಿಯ ಮುಖಕ್ಕೆ ಅಷ್ಟು ಹತ್ತಿರ ಹೋಗುತ್ತಿದ್ದೆವು, ಉಸಿರಿನ ವಾಸನೆ ಕೂಡ ತಿಳಿಯುತ್ತಿತ್ತು.

ನೀರಿನ ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಆ ದಿನದ್ದೂ ಅದೇ.

ತಲೆ ತಿರುಗುವವರಿಗೆ ಯಾವ ಕಡೆಯ ಬಳೆ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಕಿವಿಯೊಳಗೆ ನೀರು ಹರಿಸುತ್ತಾರೆ. ರೋಗಿಯನ್ನು ಬೆಂಚಿನ ಮೇಲೆ ಮಲಗಿಸಿ, ದಿಂಬಿನ ಕೆಳಗೆ ಮಣೆಯೊಂದನ್ನು ಓರೆಯಾಗಿಟ್ಟು ತಲೆ ಸ್ವಲ್ಪ ಎತ್ತರಿಸಬೇಕು. ರೋಗಿ ನೋಡುತ್ತಿರಲಿ ಎಂದು ಸೂರಿನಲ್ಲಿ ಒಂದು ಗುರುತು ಬೇಕಿತ್ತು. ಯಜಮಾನರು ಸ್ಟೂಲು ಹತ್ತಿ ಕುಂಕುಮದ ಬೊಟ್ಟು ಇಟ್ಟುಕೊಟ್ಟರು. ಎರಡು ಕ್ಯಾನು ನೀರು. ಮೈಯ ಬಿಸಿ ಮೂವತ್ತೇಳು ಡಿಗ್ರಿ ಎಂದಾದರೆ, ಒಂದು ಅದಕ್ಕಿಂತ ಏಳು ಡಿಗ್ರಿ ತಣ್ಣಗೆ, ಇನ್ನೊಂದು ಏಳು ಡಿಗ್ರಿ ಬಿಸಿ. ರಬ್ಬರ್ ನಳಿಗೆಯಲ್ಲಿ ನಲವತ್ತು ಸೆಕೆಂಡ್ ಬಿಟ್ಟರೆ, ಒಳಗಿನ ಬಳೆಯ ನೀರಿನ ಒಂದು ಪಕ್ಕ ಬಿಸಿಯಾಗಿ ಮೇಲೇರುತ್ತದೆ, ಅಥವಾ ತಣ್ಣಗಾಗಿ ಕೆಳಗಿಳಿಯುತ್ತದೆ, ನಮ್ಮ ಹಂಡೆಯಲ್ಲಿ ಆಗುವಂತೆಯೇ. ತಲೆ ಅಲ್ಲಾಡದಿದ್ದರೂ ಮೆದುಳಿಗೆ ತಲೆ ತಿರುಗುತ್ತಿದೆ ಎಂದು ಸುದ್ದಿ ಹೋಗುತ್ತದೆ. ಕಣ್ಣುಗುಡ್ಡೆ ಮೆಲ್ಲಗೆ ಒಂದು ಕಡೆ ಜಾರಿ, ಥಟ್ಟನೆ ಹಿಂದಕ್ಕೆ ಜಿಗಿಯುತ್ತದೆ. ಮತ್ತೆ ಜಾರುತ್ತದೆ, ಮತ್ತೆ ಜಿಗಿಯುತ್ತದೆ. ಅದು ನಿಲ್ಲುವವರೆಗೆ ಡಾಕ್ಟರು ಗಡಿಯಾರ ಹಿಡಿದು ಎಣಿಸುತ್ತಾರೆ. ಕಣ್ಣು ಅಲ್ಲಾಡಲೇ ಇಲ್ಲವೆಂದರೆ ಆ ಕಡೆಯ ಬಳೆ ಸತ್ತಿದೆ ಎಂದು ಅರ್ಥ. ಇದನ್ನೆಲ್ಲ ನಾನೇ ನನ್ನ ನೋಟ್‌ಬುಕ್ಕಿನಲ್ಲಿ ಚಿತ್ರ ಸಮೇತ ಬರೆದುಕೊಂಡಿದ್ದೆ. ನೀರು ನನ್ನ ಜವಾಬ್ದಾರಿ. ಕಣ್ಣು ಡಾಕ್ಟರದ್ದು.

ಆ ದಿನ ಬಂದವನು ಕತ್ರಿಗುಪ್ಪೆಯ ಮುನಿಯಪ್ಪ. ತೆಂಗಿನಮರ ಹತ್ತಿ ಕಾಯಿ ಕೀಳುವುದು ಅವನ ಕೆಲಸ. ಕತ್ರಿಗುಪ್ಪೆ, ಇಟ್ಟಮಡು ಕಡೆಯ ಮರಗಳೆಲ್ಲ ಅವನ ಪಾದ ಬಲ್ಲವು. ಮೂರು ವಾರದ ಹಿಂದೆ ಅರ್ಧ ಮರದಲ್ಲಿ ತಲೆ ತಿರುಗಿ, ಮರವನ್ನು ತಬ್ಬಿಕೊಂಡೇ ಜಾರಿ ಇಳಿದಿದ್ದ. ಎದೆಯ ಚರ್ಮ ಕಿತ್ತುಹೋಗಿ ಕಪ್ಪು ಕಟ್ಟಿತ್ತು. ಜೊತೆಗೆ ಬಂದವಳು ಹೆಂಡತಿ ತಾಯಮ್ಮ. ಅವಳಿಗೆ ಅವನ ತಲೆಗಿಂತ ಊರಿನ ಬಾಯಿಯ ಚಿಂತೆ ಹೆಚ್ಚಿತ್ತು.

“ಕುಡ್ದು ಹತ್ತಿದ್ದ ಅಂತಾರೆ ಕಣವ್ವ ಎಲ್ಲರೂ. ಮರದೋರು ಬೇರೆಯೋರ್ನ ಕರೀತಾವ್ರೆ. ಕುಡಿದಿದ್ರೆ ನಂಗೆ ವಾಸ್ನೆ ಬರಾಕಿಲ್ವಾ? ಇಪ್ಪತ್ತು ವರ್ಷದಿಂದ ಪಕ್ಕದಾಗೆ ಮಲಗ್ತಾ ಇವ್ನಿ.”

ಇಬ್ಬರಿಗೂ ಕಾಫಿ ಕೊಟ್ಟೆ. ತಾಯಮ್ಮ ಲೋಟ ಎತ್ತಿ, ಕತ್ತು ಹಿಂದಕ್ಕೆ ಬಾಗಿಸಿ, ತುಟಿಗೆ ತಾಗಿಸದೆ ಕುಡಿದಳು. ಆಗೆಲ್ಲ ಇನ್ನೊಬ್ಬರ ಮನೆಯಲ್ಲಿ ಯಾರೇ ಆದರೂ ಹಾಗೇ ಕುಡಿಯುತ್ತಿದ್ದದ್ದು. ಮುನಿಯಪ್ಪ ಮಾತ್ರ ಲೋಟ ಕಚ್ಚಿ ಕುಡಿದ. ಸುಳ್ಳೇಕೆ ಹೇಳಲಿ, ನನಗೆ ಸ್ವಲ್ಪ ಕಸಿವಿಸಿಯಾಯಿತು. ಆ ಲೋಟವನ್ನು ಬೇರೆ ಇಟ್ಟು ಎರಡು ಸಲ ಬೂದಿ ಹಾಕಿ ತೊಳೆದೆ. ಏನೂ ಯೋಚಿಸಲಿಲ್ಲ.

ಡಾಕ್ಟರು ಕಿವಿಯೊಳಗೆ ದೀಪ ಹಾಕಿ ನೋಡಿ, ತಮಟೆ ಹರಿದಿಲ್ಲವೆಂದು ಖಚಿತಪಡಿಸಿಕೊಂಡು, ಬಲಗಿವಿಯಿಂದ ಶುರುಮಾಡಿದರು. ಮೊದಲು ತಣ್ಣೀರು, ಸ್ವಲ್ಪ ಹೊತ್ತು ಬಿಟ್ಟು ಬಿಸಿನೀರು. ಎರಡಕ್ಕೂ ಅವನ ಕಣ್ಣು ಚೆನ್ನಾಗಿ ಕುಣಿಯಿತು, ಎರಡೆರಡು ನಿಮಿಷ. ಆದರೆ ಅವನು ಬೆಂಚಿನ ಅಂಚನ್ನು ಹಿಡಿದ ರೀತಿ ನನಗೆ ನೋಡಲಾಗಲಿಲ್ಲ. ಹತ್ತು ಆಳೆತ್ತರದಲ್ಲಿ ಒಂದೇ ಕೈಯಲ್ಲಿ ನೇತಾಡಬಲ್ಲ ಬೆರಳುಗಳು ಮೊಳಕಾಲೆತ್ತರದ ಬೆಂಚಿನ ಮೇಲೆ ಬಿಳಿಚಿಕೊಂಡಿದ್ದವು. ಬೇಸಿನ್ನಿಗೆ ವಾಂತಿ ಮಾಡಿದ. ಡಾಕ್ಟರು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದಾಗ ನನ್ನ ಕಡೆ ಕಣ್ಣು ಮಾತ್ರ ಹೊರಳಿಸಿ ಮೆಲ್ಲಗೆ ಹೇಳಿದ, “ಆ ಕಿವಿಗೆ ಬ್ಯಾಡ್ರವ್ವ. ಮರದ ಮ್ಯಾಗೆ ಆದಂಗೇ ಆಯ್ತದೆ.”

ತಣ್ಣೀರಿನ ಕ್ಯಾನಿನಲ್ಲಿ ಥರ್ಮಾಮೀಟರ್ ಇಟ್ಟು, ಮೂವತ್ತು ಎಂದು ಜೋರಾಗಿ ಓದಿ ಹೇಳಿದೆ. ಡಾಕ್ಟರು ಅತ್ತ ತಿರುಗಿದರು. ಆಮೇಲೆ ನನ್ನ ಕೈ ಏನು ಮಾಡಿತು ಎಂದರೆ, ಕೆಟಲ್ಲಿನಿಂದ ಒಂದಿಷ್ಟು ಬಿಸಿನೀರನ್ನು ಅದಕ್ಕೆ ಬೆರೆಸಿತು. ಪಾಪ, ಸ್ವಲ್ಪ ಚಳಿ ಮುರಿದರೆ ಏನಾದೀತು ಅನ್ನಿಸಿತ್ತು. ಬಿಸಿನೀರಿನ ಸರದಿ ಬಂದಾಗ ನಲವತ್ತನಾಲ್ಕು ಎಂದು ಓದಿ, ಅದಕ್ಕೂ ತಣ್ಣೀರು ಬೆರೆಸಿದೆ. ಅಷ್ಟೇ ಅಲ್ಲ, ಸೆರಗು ಸರಿಪಡಿಸುವವಳಂತೆ ಬಾಗಿ ಮೊಣಕೈ ತುದಿಯನ್ನು ಅದ್ದಿಯೂ ನೋಡಿದೆ. ಹದವಾಗಿತ್ತು.

ಎಡಗಿವಿಗೆ ನೀರು ಹೋಯಿತು. ಮುನಿಯಪ್ಪ ಹಾಯಾಗಿ ಮಲಗಿದ್ದ. ಕುಂಕುಮದ ಬೊಟ್ಟಿನ ಮೇಲೆ ಕಣ್ಣು ನೆಟ್ಟಿತ್ತು, ಒಂದಿಷ್ಟೂ ಅಲ್ಲಾಡಲಿಲ್ಲ. ನನಗೆ ಸಂತೋಷವೇ ಆಯಿತು. ಡಾಕ್ಟರು ಬಗ್ಗಿ ಬಗ್ಗಿ ನೋಡಿ, ಗಡಿಯಾರ ಜೇಬಿಗೆ ಹಾಕಿ, ಎಡಗಿವಿ, ಎರಡಕ್ಕೂ ಉತ್ತರವಿಲ್ಲ ಎಂದು ಬರೆಸಿದರು. ನನ್ನ ಚೆಂದದ ಅಕ್ಷರದಲ್ಲಿ ಬರೆದೆ. ಬರೆಯುವಾಗಲೂ ಹೊಳೆಯಲಿಲ್ಲ ನೋಡಿ.

ಆಮೇಲೆ ಡಾಕ್ಟರು ಕುರ್ಚಿ ಎಳೆದುಕೊಂಡು ಅವನೆದುರು ಕುಳಿತರು. ಕೆಟ್ಟ ಸುದ್ದಿಯನ್ನು ಅವರು ನಿಂತು ಹೇಳುತ್ತಿರಲಿಲ್ಲ.

“ನೀವು ಇನ್ನು ಮರ ಹತ್ತೋ ಹಾಗಿಲ್ಲ ಮುನಿಯಪ್ಪ. ಎಡಗಡೆ ಕಿವೀಲಿ ಸಮತೋಲ ನೋಡ್ಕೊಳ್ಳೋ ಭಾಗ ಕೆಲಸ ನಿಲ್ಲಿಸಿದೆ. ಅದು ಮತ್ತೆ ಬರಲ್ಲ.”

ಮುನಿಯಪ್ಪ ತನ್ನ ಪಾದಗಳನ್ನೇ ನೋಡುತ್ತಿದ್ದ. ಹೆಬ್ಬೆರಳು ಉಳಿದವುಗಳಿಂದ ದೂರ ಸರಿದು ಕವಲಾಗಿದ್ದ ಪಾದಗಳು.

“ನೆಲದ ಮ್ಯಾಗೆ ನಂಗೇನೂ ಬರಾಕಿಲ್ವಲ್ಲ ಸಾಮಿ,” ಅಂದ.

ಅವರು ಹೋದರು. ನಾನು ಕ್ಯಾನುಗಳನ್ನು ತೊಳೆಯಲು ಹಿತ್ತಲಿಗೆ ಒಯ್ದೆ. ತಳದಲ್ಲಿ ಉಳಿದ ನೀರಿಗೆ ಕೈ ಹಾಕಿದೆ, ಒಂದು ಕೈ ಒಂದರಲ್ಲಿ, ಇನ್ನೊಂದು ಕೈ ಇನ್ನೊಂದರಲ್ಲಿ. ಯಾವುದು ಯಾವ ಕ್ಯಾನು ಎಂದು ತಿಳಿಯಲಿಲ್ಲ. ನೀರಿದೆ ಎಂಬುದೇ ಕೈಗೆ ತಿಳಿಯಲಿಲ್ಲ. ಆಗ ನಿಂತಲ್ಲೇ ನಿಂತೆ. ಕೈಗೆ ತಿಳಿಯದ ನೀರು ಒಳಗಿನ ಬಳೆಗೆ ಹೇಗೆ ತಿಳಿದೀತು? ಥರ್ಮಾಮೀಟರ್ ತಂದು ನೋಡಿದೆ. ಎರಡರಲ್ಲೂ ಮೂವತ್ತೇಳರ ಆಸುಪಾಸು. ಸತ್ತಿದ್ದದ್ದು ಅವನ ಕಿವಿಯೋ ನನ್ನ ನೀರೋ ಎಂದು ಯಾರಿಗೂ ಗೊತ್ತಿರಲಿಲ್ಲ, ಅವನಿಗಂತೂ ತೀರ್ಪು ಹೇಳಿ ಆಗಿತ್ತು.

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇದನ್ನು ನಾನು ಆ ಎರಡು ನಿಮಿಷದಲ್ಲಿ ಸ್ಪಷ್ಟವಾಗಿ ಯೋಚಿಸಿದೆ ಎಂದು ಒಪ್ಪಿಕೊಳ್ಳಬೇಕು. ಬೇಸಿನ್ ತೊಳೆದೆ, ನಳಿಗೆ ಸುತ್ತಿಟ್ಟೆ. ಆಮೇಲೆ ಒಳಗೆ ಹೋಗಿ ಹೇಳಿದೆ.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.

“ನೀರು ಹದ ಮಾಡಿದ್ರಾ?”

“ಹೌದು. ಎರಡನ್ನೂ.”

“ಮಿಸೆಸ್ ಮೂರ್ತಿ, ನಾವಿಲ್ಲಿ ಯಾರಿಗೂ ಸ್ನಾನ ಮಾಡಿಸ್ತಾ ಇಲ್ಲ.” ನಾನು ಬರೆದಿದ್ದ ಹಾಳೆಯನ್ನು ಪಕ್ಕಕ್ಕೆ ಸರಿಸಿ, “ಉತ್ತರ ಕೊಡದ ಕಿವಿಗೆ ಕೊನೆಗೊಮ್ಮೆ ಐಸ್ ನೀರು ಹಾಕಿ ನೋಡದೆ ನಾನೂ ಹೇಳಬಾರದಿತ್ತು. ಹೋಗಿ, ಅವರನ್ನ ಕರ್ಕೊಂಡು ಬನ್ನಿ.”

ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದೆ. ಗಂಡ ಹೆಂಡತಿ ಬಹಳ ದೂರ ಹೋಗಿರಲಿಲ್ಲ. ತಲೆ ಇನ್ನೂ ತೂಗುತ್ತಿದ್ದುದರಿಂದ ಬೀದಿಯ ಕೊನೆಯ ಮೋರಿ ಕಟ್ಟೆಯ ಮೇಲೆ ಕುಳಿತಿದ್ದರು. ತಾಯಮ್ಮ ಅಡಿಕೆ ಕತ್ತರಿಸುತ್ತಿದ್ದಳು. ನಾನು ತಪ್ಪು ಮಾಡಿದೆ, ನೀರು ಸರಿಯಿರಲಿಲ್ಲ, ಎಡಗಿವಿಯನ್ನು ಮತ್ತೆ ನೋಡಬೇಕು ಎಂದು ಒಂದೇ ಉಸಿರಿಗೆ ಹೇಳಿದೆ. ತಾಯಮ್ಮ ನನ್ನ ಬರಿಗಾಲನ್ನೂ ಮುಖವನ್ನೂ ನೋಡಿ, ಅಡಿಕೆಯನ್ನು ಚೀಲಕ್ಕೆ ಹಾಕಿ ಎದ್ದಳು.

“ಇನ್ನೊಂದ್ ಕಿತ ತಿರುಗಿಸ್ತೀರಾ?” ಎಂದ ಮುನಿಯಪ್ಪ.

“ತಿರುಗಿದ್ರೇನೇ ಒಳ್ಳೇದು ಮುನಿಯಪ್ಪ,” ಅಂದೆ.

ಅವನಿಗೆ ಮಜ್ಜಿಗೆ ಕೊಟ್ಟು, ಒಂದು ಗಂಟೆ ಸುಧಾರಿಸಿಕೊಳ್ಳಲು ಬಿಟ್ಟು, ಮತ್ತೆ ಬೆಂಚಿನ ಮೇಲೆ ಮಲಗಿಸಿದೆವು. ಈ ಸಲ ಥರ್ಮಾಮೀಟರ್ ಕ್ಯಾನಿನಲ್ಲೇ ನಿಂತಿತ್ತು, ಡಾಕ್ಟರೂ ಬಗ್ಗಿ ಓದಿದರು. ಮೂವತ್ತು. ನಳಿಗೆ ಬಿಟ್ಟೆ. ಕಣ್ಣು ನನ್ನ ಕೆಲಸವಲ್ಲದಿದ್ದರೂ ನೋಡದೆ ಇರಲಾಗಲಿಲ್ಲ. ಹತ್ತು ಸೆಕೆಂಡ್, ಇಪ್ಪತ್ತು, ಮೂವತ್ತು. ಕಪ್ಪು ಗುಡ್ಡೆ ಬೊಟ್ಟಿನ ಮೇಲೆ ನಿಂತೇ ಇತ್ತು. ನಲವತ್ತರ ಹತ್ತಿರ ಅದು ಮೆಲ್ಲಗೆ, ನಿದ್ದೆ ಬಂದ ಮಗುವಿನ ಕಣ್ಣಿನಂತೆ, ಒಂದು ಪಕ್ಕಕ್ಕೆ ಜಾರಿತು. ಆಮೇಲೆ ಥಟ್ಟನೆ ಜಿಗಿಯಿತು.

“ಸಾಮೀ, ತಿರುಗ್ತೈತೆ,” ಎಂದು ಮುನಿಯಪ್ಪ ಬೆಂಚು ಹಿಡಿದ.

ಬಾಗಿಲಲ್ಲಿ ನಿಂತಿದ್ದ ತಾಯಮ್ಮ, “ತಿರುಗ್ತಾ? ನಿಜವಾಗ್ಲೂ ತಿರುಗ್ತಾ ಐತಾ?” ಎಂದು ಕೇಳುತ್ತಾ ನಕ್ಕಳು. ಗಂಡ ವಾಂತಿ ಮಾಡುತ್ತಿದ್ದರೆ ಹೆಂಡತಿ ನಗುವುದನ್ನು ನಾನು ನೋಡಿದ್ದು ಅದೊಂದೇ ಸಲ. ಬಿಸಿನೀರಿಗೂ ಕಣ್ಣು ಕುಣಿಯಿತು. ಬಲಗಿವಿಗಿಂತ ಸ್ವಲ್ಪ ಕಡಿಮೆ ಹೊತ್ತು, ಆದರೂ ಕುಣಿಯಿತು.

ಕಿವಿ ಬದುಕಿದೆ. ಹಾಗಾದರೆ ಮರದ ಮೇಲೆ ತಲೆ ಏಕೆ ತಿರುಗಿತು? ಡಾಕ್ಟರು ಗಲ್ಲ ಕೆರೆದುಕೊಳ್ಳುತ್ತಾ ಕುಳಿತರು. ಮುನಿಯಪ್ಪ ಎದ್ದು ಕೂತು ಉಳಿದ ಮಜ್ಜಿಗೆ ಕುಡಿದ. ಮತ್ತೆ ಲೋಟ ಕಚ್ಚಿ. ಕುತ್ತಿಗೆ ಒಂದಿಷ್ಟೂ ಹಿಂದಕ್ಕೆ ಬಾಗಲಿಲ್ಲ. ಬೆಳಿಗ್ಗೆ ಗೋಡೆ ಗಡಿಯಾರ ಹೊಡೆದಾಗ ತಾಯಮ್ಮ ತಲೆಯೆತ್ತಿ ನೋಡಿದ್ದಳು, ಇವನು ಎತ್ತಿರಲಿಲ್ಲ ಎಂಬುದೂ ಆಗ ನೆನಪಾಯಿತು. ಒಂದೇ ದಿನ ಎರಡನೆಯ ಸಲ ಬಾಯಿ ಬಿಡಲು ಸಂಕೋಚವಾಯಿತು, ಆದರೂ ಹೇಳಿದೆ. ಇವರು ಲೋಟ ಎತ್ತಿ ಕುಡಿಯುವುದಿಲ್ಲ ಡಾಕ್ಟರೇ.

ಡಾಕ್ಟರು ನನ್ನನ್ನು ನೋಡಿ, ಅವನನ್ನು ನೋಡಿ, “ಯಾಕ್ರೀ ಎತ್ತಿ ಕುಡಿಯಲ್ಲ?” ಎಂದರು.

“ಎತ್ತುದ್ರೆ ಲೋಕ ಗಿರ್ರ್ ಅಂತದೆ ಸಾಮಿ. ಮೂರು ವಾರದಿಂದ ನಂಟ್ರ ಮನೇಗೂ ಹೋಗಿಲ್ಲ, ನಾಚ್ಕೆ.”

ಇದನ್ನು ಬೆಳಿಗ್ಗೆಯೇ ಏಕೆ ಹೇಳಲಿಲ್ಲ ಎಂದು ಡಾಕ್ಟರು ನನ್ನನ್ನು ಕೇಳಿದರು. ಎಂಜಲಿನ ವಿಷಯವನ್ನೆಲ್ಲ ಡಾಕ್ಟರಿಗೆ ಹೇಳುತ್ತಾರೆಯೇ ಎಂದುಕೊಂಡೆ ಅಂದೆ. ಅವರಿಗೆ ನಗು ಬಂತು.

ಮಣೆ ತೆಗೆದರು. ಅವನನ್ನು ಬೆಂಚಿನ ತುದಿಗೆ ಕೂರಿಸಿ, ಮುಖವನ್ನು ಎಡಕ್ಕೆ ತಿರುಗಿಸಿ, ತಲೆ ಬೆಂಚಿನಾಚೆ ಸ್ವಲ್ಪ ಕೆಳಗೆ ಇಳಿಬೀಳುವಂತೆ ಸರಕ್ಕನೆ ಮಲಗಿಸಿದರು. ಮೂರು ನಾಲ್ಕು ಸೆಕೆಂಡ್ ಏನೂ ಇಲ್ಲ. ಆಮೇಲೆ ಎರಡು ಕಣ್ಣೂ ಗಾಲಿಯಂತೆ ಸುತ್ತತೊಡಗಿದವು. ಅರ್ಧ ನಿಮಿಷದೊಳಗೆ ತಾವೇ ನಿಂತವು. ಡಾಕ್ಟರ ಮುಖ ಅರಳಿತು. ಒಳಕಿವಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸುಣ್ಣದ ಹರಳುಗಳಿರುತ್ತವಂತೆ, ತಲೆ ಯಾವ ಕಡೆ ವಾಲಿತು ಎಂದು ಹೇಳುವುದಕ್ಕೆ. ಅಲ್ಲಿ ಏನೋ ಹದಗೆಟ್ಟಿದೆ, ತಲೆ ಹಿಂದಕ್ಕೆ ಬಾಗಿದಾಗ ಮಾತ್ರ ಕಾಟ ಕೊಡುತ್ತದೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ ಎಂದರು. ಅಲ್ಲಿಯವರೆಗೆ ಮರ ಬೇಡ, ಮೇಲೆ ನೋಡುವುದು ಬೇಡ. ಆಮೇಲೆ ಬಂದು ತೋರಿಸಿ, ನಾನು ಹೇಳಿದ ಮೇಲೆ ಹತ್ತಿ.

ಮುನಿಯಪ್ಪ ‘ಹತ್ತಿ’ ಎಂಬ ಮಾತಿಗೆ ತಲೆಯಾಡಿಸಿದ. ತಾಯಮ್ಮನಿಗೆ ಅಷ್ಟು ಸಾಲದು. ಕುಡಿದಿರಲಿಲ್ಲ ಎಂದು ಒಂದು ಚೀಟಿ ಬೇಕು, ಮರದವರಿಗೆ ತೋರಿಸಬೇಕು ಎಂದು ಪಟ್ಟುಹಿಡಿದಳು. ಇಂಗ್ಲಿಷಿನಲ್ಲಾದರೆ ಯಾರೂ ಓದುವುದಿಲ್ಲ ಎಂದು ಕನ್ನಡದಲ್ಲೇ ಬರೆಯಲು ಡಾಕ್ಟರು ಹೇಳಿದರು. ನನ್ನ ಕನ್ನಡ ಅಕ್ಷರ ಮೂರನೇ ಕ್ಲಾಸಿನ ಮಗುವಿನದಕ್ಕಿಂತ ಮೇಲಲ್ಲ. ಗುಂಡಗುಂಡಗೆ, ಒತ್ತಿ ಒತ್ತಿ, ಇವರಿಗೆ ಕಿವಿಯ ಕಾಯಿಲೆ, ಕುಡಿತದಿಂದಲ್ಲ ಎಂದು ಬರೆದೆ. ಡಾಕ್ಟರು ಸಹಿ ಹಾಕಿದರು. ತಾಯಮ್ಮ ಓದು ಬಾರದಿದ್ದರೂ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಎಲೆಅಡಿಕೆ ಚೀಲದೊಳಗೆ ಮಡಿಸಿಟ್ಟಳು.

ಐಸ್ ನೀರು ಹಾಕಿ ನೋಡದೆ ಯಾವ ಕಿವಿಯನ್ನೂ ಸತ್ತಿದೆ ಎಂದು ಬರೆಯಬಾರದು, ನಳಿಗೆ ಹಿಡಿಯುವ ಕ್ಷಣದಲ್ಲೇ ಡಿಗ್ರಿ ಓದಬೇಕು, ಇಬ್ಬರೂ ಓದಬೇಕು ಎಂಬ ನಿಯಮ ನಮ್ಮಲ್ಲಿ ಆ ದಿನ ಬಂತು. ಈಗಿನ ಯಂತ್ರಗಳು ನೀರನ್ನು ತಾವೇ ಕಾಯಿಸಿ ತಾವೇ ಅಳೆಯುತ್ತವೆ ಎಂದು ಕೇಳಿದ್ದೇನೆ. ಒಳ್ಳೆಯದೇ. ಆದರೂ ಬೆಂಚಿನ ಮೇಲಿರುವವರು ಸಾಕು ಎಂದು ಬೇಡಿಕೊಂಡಾಗ ನಿಮ್ಮ ಕೈಗೆ ಏನನ್ನಿಸುತ್ತದೆ ಎಂಬುದರ ಮೇಲೆ ಒಂದು ಕಣ್ಣಿರಲಿ.

ಅಂದು ಕೋಣೆ ಗುಡಿಸಿ, ಕ್ಯಾನು ಬೋರಲು ಹಾಕುವ ಹೊತ್ತಿಗೆ ಸಂಜೆಯಾಗಿತ್ತು. ಮಗಳನ್ನು ಕರೆತರಲು ಪಕ್ಕದ ಮನೆಗೆ ಹೋದೆ. ಮಧ್ಯಾಹ್ನಕ್ಕೆ ಬರಬೇಕಾದವಳು ಇಷ್ಟು ತಡಮಾಡಿದ್ದೆ. ಸಾವಿತ್ರಮ್ಮನವರು ಮೆಟ್ಟಿಲ ಮೇಲೆ ಕುಳಿತು ಒಂದು ಕೈಯಲ್ಲಿ ಅವರೇಕಾಯಿ ಸುಲಿಯುತ್ತಾ, ಇನ್ನೊಂದು ಕೈಯಲ್ಲಿ ನನ್ನ ಮಗಳ ಬೆನ್ನು ತಟ್ಟುತ್ತಿದ್ದರು. ಒಳಗೆ ಅವರ ಮೊಮ್ಮಗ ಯಾವುದಕ್ಕೋ ಕಿರುಚಿಕೊಳ್ಳುತ್ತಿದ್ದ.

“ಇವನು ನೋಡಿ, ಸ್ನಾನ ಅಂದ್ರೆ ಬೀದಿಗೆಲ್ಲ ಕೇಳೋ ಹಾಗೆ ಅರಚ್ತಾನೆ,” ಎಂದು ಕಾಯಿಯ ಸಿಪ್ಪೆ ಮೊರದಾಚೆ ಎಸೆದರು. “ನಿಮ್ಮ ಮಗೂದು ಸದ್ದೇ ಇಲ್ಲ ಕಣ್ರೀ. ಅದೇನು ಹದ ಮಾಡ್ತೀರೋ, ನೀರು ಬಿದ್ದಿದ್ದೇ ಅದಕ್ಕೆ ಗೊತ್ತಾಗಲ್ಲ.”